ಎಡತೋಳು ಹನ್ನೆರಡೂಮುಕ್ಕಾಲು

ನನ್ನ ಅಳತೆ ಪುಸ್ತಕದಲ್ಲಿ ಯಾರ ಹೆಸರಿಗೂ ಎರಡು ತೋಳಿಲ್ಲ.
ಒಂದನ್ನು ಅಳೆದರೆ ಇನ್ನೊಂದೂ ಅಷ್ಟೇ ಎಂದು ನಂಬಿ
ಇಪ್ಪತ್ತೆರಡು ವರ್ಷ ಕತ್ತರಿಸಿದ್ದೇನೆ, ಮಂಡ್ಯದ ಪೇಟೆ ಬೀದಿಯಲ್ಲಿ.

ಚಿಕ್ಕತಾಯಮ್ಮನವರ ಪುಟ: ಎದೆ ಮೂವತ್ತೆಂಟು, ತೋಳು ಹನ್ನೊಂದು.
ಪಕ್ಕದಲ್ಲಿ ಪೆನ್ಸಿಲಿನ ಗುರುತು:
ಎಡಭುಜದ ಕೆಳಗೆ ಬೆಂಕಿಪೊಟ್ಟಣದಷ್ಟು ಉಬ್ಬು, ಪಟ್ಟಿ ಉಜ್ಜಬಾರದು.
ಹೋದ ಯುಗಾದಿಗೆ ಮುಂಚೆ ಇಟ್ಟದ್ದು ಆ ಪೇಸ್‌ಮೇಕರ್.
"ಎದೆ ಬಡಿಯೋದ ಮರೆತ್ರೆ ಒಂದೇಟು ಕೊಟ್ಟು ಗ್ಯಾಪಕ ಮಾಡ್ತದಂತೆ ಕಣವ್ವ,
ನಮ್ಮ ಫ್ಯಾಕ್ಟ್ರಿ ಕ್ಯಾಂಟೀನ್ ಮೇಸ್ತ್ರಿ ಇದ್ದಂಗೆ."

ಗಾಯ ಆರಿತು.
ಒಂದು ದೀಪಾವಳಿ, ಮೊಮ್ಮಗಳ ನಾಮಕರಣ,
ಮೂರು ರವಿಕೆ. ಎಲ್ಲವೂ ಹನ್ನೊಂದೇ.

ಹದಿನಾಲ್ಕನೇ ತಿಂಗಳು ಒಂದು ರವಿಕೆ ವಾಪಸ್ ಬಂತು.
"ಎಡಗಡೆ ಬಿಗೀತದೆ. ನಿನ್ ಕೈ ಕೆಟ್ಟೋಯ್ತಾ, ಜಬೀನಾ?"
ನನ್ನದೇ ತಪ್ಪಿರಬೇಕೆಂದು ಟೇಪು ಹಿಡಿದೆ.
ಬಲ, ಹನ್ನೊಂದು.
ಎಡ, ಹನ್ನೆರಡೂಮುಕ್ಕಾಲು.
ಮತ್ತೆ ಹಿಡಿದೆ.
ಬಳೆ ಮುಂಗೈಗೆ ಅಚ್ಚೊತ್ತಿ ಕೂತಿತ್ತು.
ಸೆರಗು ಸರಿಸಿದರೆ ಭುಜದಿಂದ ಎದೆಗೆ ನೀಲಿ ನರಗಳು,
ಯಾರೋ ಕಲಿಯುವ ಹುಡುಗಿ ಚಾಕಿನಲ್ಲಿ
ಪದೇ ಪದೇ ತಪ್ಪು ಗೀಟು ಎಳೆದ ಹಾಗೆ.
ತೂಬು ಕಟ್ಟಿಕೊಂಡರೆ ನೀರು ಬದು ಹತ್ತುವುದನ್ನು
ಈ ಊರಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.
"ಅಮ್ಮ, ಇದು ರವಿಕೆಯದ್ದಲ್ಲ."

ಮೈಸೂರಿಗೆ ಹೋಗಿ ಬಂದರು.
ತಂತಿ ಹಾಯ್ದ ರಕ್ತನಾಳದಲ್ಲೇ, ತಂತಿಯ ಸುತ್ತಲೇ
ರಕ್ತ ಹೆಪ್ಪುಗಟ್ಟಿತ್ತಂತೆ, ಸದ್ದಿಲ್ಲದೆ, ತಿಂಗಳುಗಟ್ಟಲೆ.
ಯಂತ್ರದ ಲೆಕ್ಕ ಒಂದು ಬಡಿತವೂ ತಪ್ಪಿಲ್ಲ.
ಈಗ ದಿನಾ ಮಾತ್ರೆ. ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ,
ಈಳಿಗೆಮಣೆ ಮುಟ್ಟಬೇಡಿ ಎಂದಿದ್ದಾರೆ.
ಮುಟ್ಟುತ್ತಾರೆ.

ಡಾಕ್ಟರ ಮಾತು ನನಗೆ ಅರ್ಧ ತಿಳಿಯಿತು.
ನನಗೆ ಗೊತ್ತಿರುವುದು ಸೂಜಿ ಹೋದ ದಾರಿ:
ಹೊಲಿಗೆ ಬಿಚ್ಚಿ ವರ್ಷವಾದರೂ
ತೂತು ಸಾಲಾಗಿ ನಿಂತೇ ಇರುತ್ತವೆ.

ಮೊನ್ನೆ ಹಸಿರು ಬಟ್ಟೆ ತಂದರು.
ಎಡ, ಹನ್ನೊಂದೂವರೆ.
"ಇನ್ನೂ ಇಳೀತದೆ" ಎಂದರು.
ಸ್ವಲ್ಪ ಹೊತ್ತು ಬಿಟ್ಟು, "ಇಳೀದಿದ್ರೆ?"
ಒಳಗೆ ಎರಡು ಬೆರಳು ಬಟ್ಟೆ ಮಡಿಸಿಟ್ಟು
ಉದ್ದ ಹೊಲಿಗೆ ಹಾಕಿದೆ, ಎಳೆದರೆ ಬಿಚ್ಚಿಕೊಳ್ಳುವಂಥದ್ದು.

ಈಗ ಬಂದವರಿಗೆಲ್ಲ ಎರಡೂ ತೋಳು ಅಳೆಯುತ್ತೇನೆ.
ಬಸ್ಸು ತಪ್ಪುತ್ತೆ, ಬೇಗ ಮಾಡು ಎಂದು ಗೊಣಗುತ್ತಾರೆ.