ಗಾಳಿಚೀಲ

ದಿನಾ ಬೆಳಿಗ್ಗೆ ಒಂದು ಸಾಲು ಬರೆಸಿ, ಅದೇ ಸಾಲು,
ಎಂದಿದ್ದಾರೆ ಡಾಕ್ಟರು.
ಅಕ್ಷರ ಸೊಟ್ಟಗಾದರೆ ಕರೆದುಕೊಂಡು ಬನ್ನಿ,
ಕಾಯಬೇಡಿ.

ಅಪ್ಪ ಆರಿಸಿದ ಸಾಲು:
ಗಾಳಿ ಯಾವ್ ಬದಿಗಿತ್ತ್?

ಇಪ್ಪತ್ತಾರು ವರ್ಷ, ಸೂರ್ ಪಟ್ಟಣದಾಚೆಯ ಗೊಬ್ಬರದ ಕಾರ್ಖಾನೆಯಲ್ಲಿ
ಅಮೋನಿಯಾ ಕೊಳವೆಗಳ ಕಾವಲು.
ಸೈರನ್ ಕೂಗಿದರೆ ಮೊದಲು ನೋಡಬೇಕಾದ್ದು ಬಾಗಿಲಲ್ಲ,
ಕಂಬದ ಮೇಲಿನ ಗಾಳಿಚೀಲ.
ಅದು ತೋರಿದ ದಿಕ್ಕಿಗೆ ಓಡಿದವ ಸತ್ತ,
ಅಡ್ಡಕ್ಕೆ ಓಡಿದವ ಊಟಕ್ಕೆ ಬಂದ ಎಂದು
ಹೊಸ ಹುಡುಗರಿಗೆ ಹಿಂದಿಯಲ್ಲಿ, ಅರಬ್ಬಿಯಲ್ಲಿ,
ಚೂರುಪಾರು ಬಂಗಾಳಿಯಲ್ಲೂ ಹೇಳಿಕೊಟ್ಟವರು.
ಮೂಗೇ ಮೀಟರು ಅವರದು.
ಬಟ್ಟೆ ಒಗೆಯುವಾಗ ಅಮ್ಮ ಬಯ್ಯುತ್ತಿದ್ದಳು.

ಈಗ ಅದೇ ವಸ್ತು ರಕ್ತದಲ್ಲಿ.
ಡಾಕ್ಟರು ಕಾಗದ ತಿರುಗಿಸಿ ಬೆರಳಿಟ್ಟಾಗ
ಅಪ್ಪ ನಕ್ಕುಬಿಟ್ಟರು: ಇದು ನಮ್ಮ ಪ್ಲಾಂಟಿನದಲ್ವಾ?
ಅಲ್ಲವಂತೆ. ಹೊಟ್ಟೆಯೊಳಗೇ ಹುಟ್ಟುವುದಂತೆ, ಎಲ್ಲರಲ್ಲೂ.
ಸೋಸಬೇಕಾದ ಲಿವರು ಗಂಟುಗಂಟಾಗಿ ಒಣಗಿ
ಸೋಸದೆ ಬಿಟ್ಟದ್ದು ತಲೆಗೇರುತ್ತದಂತೆ.

ಕುಡೀತಿದ್ರಾ?
ಕೇಳದವರಿಲ್ಲ. ರಕ್ತ ತೆಗೆಯುವ ನರ್ಸು,
ಸಂಘದ ಕಾರ್ಯದರ್ಶಿ, ಕೆಳಗಿನ ಸಲೂನಿನವನು.
ಒಂದು ತೊಟ್ಟೂ ಇಲ್ಲ ಸ್ವಾಮಿ.
ಗಂಗೊಳ್ಳಿ ಶಾಲೆಯ ಜಗಲಿಯಲ್ಲಿ ಒಂದು ದಿನ
ಎಪ್ಪತ್ತು ಮಕ್ಕಳ ಸಾಲು, ಒಂದೇ ಸೂಜಿ.
ಅಷ್ಟೇ ಇರಬಹುದು. ಅದೂ ಗೊತ್ತಿಲ್ಲ.

ಕೈ ಚಾಚಿ, ಅಂಗೈ ಎತ್ತಿ,
ಬಸ್ಸು ನಿಲ್ಲಿಸುವ ಹಾಗೆ, ಎಂದರು ಡಾಕ್ಟರು.
ನಿಂತ ಕೈ ತಟಕ್ಕನೆ ಬಿತ್ತು; ಎದ್ದಿತು; ಮತ್ತೆ ಬಿತ್ತು.
ನಾನು ಬಾಯಿ ಬಿಡಲಿಲ್ಲ. ಅಪ್ಪನೇ ಅಂದರು:
ಗಾಳಿಚೀಲ ಕಾಣ್. ಗಾಳಿ ಸಮ ಇಲ್ಲೆ.

ರಾತ್ರಿ ಎರಡಕ್ಕೆ ಹೆಲ್ಮೆಟ್ಟು ಹಾಕಿ
ಬಾಲ್ಕನಿಯಲ್ಲಿ ಪಾಳಿಯ ಬಸ್ಸಿಗೆ ಕಾಯುತ್ತಾರೆ.
ನೀರಿನಾಚೆ ದೀಪಗೋಪುರ,
ಇಳಿತದ ಕೆಸರಲ್ಲಿ ಒರಗಿ ಕೂತ ದೋಣಿಗಳು.
ಹಗಲೆಲ್ಲ ನಿದ್ದೆ. ಉಸಿರಲ್ಲಿ
ಬುಟ್ಟಿ ಮುಚ್ಚಿ ಮರೆತ ಹಣ್ಣಿನ ಸಿಹಿ.

ಔಷಧಿಯೂ ಸಿಹಿಯೇ, ಪಾಕದ ಹಾಗೆ,
ಮೂರು ಹೊತ್ತು ಮೂವತ್ತು ಮಿಲಿ.
ದಿನಕ್ಕೆ ಮೂರು ಸಲ ಸಂಡಾಸಾಗಬೇಕು:
ನೋಟ್‌ಬುಕ್ಕಿನ ಅಂಚಿಗೆ ಗೀಟು ಎಳೆಯುವುದು ನನ್ನ ಕೆಲಸ.
ಒಂದೇ ಗೀಟಿನ ದಿನ ನನಗೆ ಹೆದರಿಕೆ.
ಐದಾದರೆ ಅವರಿಗೆ ನಾಚಿಕೆ.

ಎರಡನೆಯ ವಾರ ಅಕ್ಷರ ಹಿಂತಿರುಗಿತು.
ಕೊಂಬು, ದೀರ್ಘ, ಒತ್ತು
ತಂತಮ್ಮ ಜಾಗಕ್ಕೆ ಬಂದು ಕೂತವು. ನಾನು ಅತ್ತೆ.
ನಡಿಗೆ ಬರಲಿಲ್ಲ.
ಸ್ಕ್ಯಾನಿನಲ್ಲಿ, ಮಿದುಳಿನ ಆಳದಲ್ಲಿ, ಎರಡು ಬಿಳಿ ಕಲೆ:
ಪಿತ್ತದ ಜೊತೆ ಹೊರಗೆ ಹೋಗಬೇಕಿದ್ದ ಮ್ಯಾಂಗನೀಸು.
ಅಮೋನಿಯಾ ಇಳಿಸಬಹುದಮ್ಮ,
ಇದು ಕೂತರೆ ಸುಲಭಕ್ಕೆ ಏಳುವುದಿಲ್ಲ.
ಅಪ್ಪನಲ್ಲಿ ಬರುವುದೆಷ್ಟು, ಹೋದದ್ದೆಷ್ಟು,
ಬೇರೆಮಾಡಿ ಕೊಡಲು ಅವರಿಗೂ ಬರುವುದಿಲ್ಲ.

ಪುಟಗಳನ್ನು ಮಸ್ಕತ್‌ಗೆ ಕಳಿಸಿದೆವು.
ಅಲ್ಲಿಯ ತಜ್ಞರು, ಧಾರವಾಡದ ಕಡೆಯವರು, ಫೋನಿನಲ್ಲಿ ಕೇಳಿದರು:
ಗಾಳಿ ಯಾವ ಕಡೆ 'ಇತ್ತು' ಅಂತ ಬರೀತಾರಲ್ಲ,
ಹಳೇದನ್ನೇ ನೆನೆಸ್ತಾರೇನು?

ಇಲ್ಲ ಸರ್. ನಮ್ಮ ಕುಂದಾಪ್ರದಲ್ಲಿ
'ಇತ್ತ್' ಅಂದರೆ 'ಇದೆ'.

ಇವತ್ತಿನ ಸಾಲು ಗಾಳಿಯ ತನಕ ನೆಟ್ಟಗಿದೆ,
ಆಮೇಲೆ ಕೆಳಗೆ ಜಾರಿ
ಪ್ರಶ್ನೆಯ ಕೊಕ್ಕೆ ಹಾಳೆ ದಾಟಿ ಮೇಜಿನ ಮೇಲೆ.
ಆಸ್ಪತ್ರೆಯ ಫೈಲು ಹುಡುಕುವ ಮೊದಲು
ಕಿಟಕಿ ತೆಗೆದು, ಬೆರಳು ಒದ್ದೆ ಮಾಡಿ ಹಿಡಿದೆ.
ಕಡಲಿಂದ, ಅಪ್ಪಾ.

ಹಂಗಾರೆ ಅಡ್ಡಕ್ಕ್ ಹೋಯ್ಕ್
ಎಂದು ಚಪ್ಪಲಿ ಹುಡುಕುತ್ತಾರೆ.