ಕೋಟಿನ ಕೋಣೆ

ಕುಣಿದವಳಲ್ಲ ನಾನು, ಮಿಗ್ದಾಲಿಯಾ.
ನ್ಯೂಯಾರ್ಕಿನ ಒಂದು ನೆಲಮಾಳಿಗೆಯಲ್ಲಿ, ಮೆಟ್ಟಿಲ ಅಡಿಯಲ್ಲಿ,
ಇಪ್ಪತ್ತೈದು ಸೆಂಟಿಗೆ ಒಂದರಂತೆ
ಕೋಟು ಕಾದವಳು.
ಗೋಡೆಯಾಚೆ ಕುಣಿತ. ಈಚೆ ಬರುತ್ತಿದ್ದದ್ದು ಬರೀ ಬೇಸ್.
ಹಾಡುವವಳ ದನಿ, ಪಿಟೀಲು, ಚಪ್ಪಾಳೆ,
ಎಲ್ಲ ಇಟ್ಟಿಗೆಯೇ ನುಂಗಿಬಿಡೋದು.
ಏಳು ವರ್ಷ ನಾನು ಕೇಳಿದ್ದು
ಹಾಡುಗಳ ಮೊಣಕಾಲು ಮಾತ್ರ.

ಹಾಲ್ವರ್ ಬಂದದ್ದು ಎಪ್ಪತ್ತೆಂಟರ ಫೆಬ್ರವರಿ.
ಒದ್ದೆ ಉಣ್ಣೆಯ ಕೋಟು, ಕುರಿಯ ವಾಸನೆ,
ಜೇಬಲ್ಲಿ ಟ್ರಾಂಬೋನಿನ ಬಾಯಿತುಂಡು, ಅರ್ಧ ಬನ್ನು.
ಡಕೋಟದ ಗೋಧಿಹೊಲದ ಕಡೆಯವನು.
ಯಾವುದೋ ಗ್ಯಾಲರಿಯಲ್ಲಿ, ಮಡಿಸುವ ಕುರ್ಚಿಗಳೆದುರು,
ಒಂದೇ ಸ್ವರ ನಲವತ್ತು ನಿಮಿಷ ಊದುತ್ತಿದ್ದನಂತೆ.
ಕೇಳಲು ಹನ್ನೊಂದು ಜನ, ಅದರಲ್ಲೊಬ್ಬನಿಗೆ ನಿದ್ದೆ.
"ಅಲ್ಲಿ ಯಾರೂ ಬೆವರೋದಿಲ್ಲ" ಅಂದ, ಟೋಕನ್ನು ತಗೊಳ್ಳುತ್ತ,
ದೂರು ಕೊಡುವವನ ಹಾಗೆ.

ಇಲ್ಲಿ ಬೆವರಿಗೇನು ಬರ.
ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುವ ಹುಡುಗರು:
ಬ್ರಾಂಕ್ಸಿನವರು, ನಮ್ಮ ಪೋರ್ಟೊರಿಕೊದವರು,
ಹಗಲೆಲ್ಲ ಅಂಚೆ ವಿಂಗಡಿಸುವವರು,
ಹೆಣದ ಕೆನ್ನೆಗೆ ಬಣ್ಣ ಹಚ್ಚುವವನೊಬ್ಬ.
ಮನೆಯಲ್ಲಿ ಯಾರೂ ಹೆಸರೆತ್ತದವರು
ಇಲ್ಲಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗುವರು.

ಮಾರ್ಚಿನಲ್ಲಿ ಅವನು ತನ್ನದೇ ರೆಕಾರ್ಡು ತಂದ.
ಲೆಮ್ಯುಯೆಲ್ ಮಾತು ಕಮ್ಮಿ, ಅದನ್ನು ಹಾಕಿದ್ದು
ಬೆಳಗಿನ ಜಾವ ಮೂರಕ್ಕೆ, ನೆಲ ಕಾದ ಹೆಂಚಾಗಿದ್ದಾಗ.
ನನ್ನ ಗೋಡೆ ತಟಕ್ಕನೆ ಸುಮ್ಮನಾಯ್ತು.
ಆಮೇಲೆ ಕಿಟಕಿಗೆ ಒಬ್ಬೊಬ್ಬರೇ, ಟೋಕನ್ನು ಚಾಚಿ:
"ಯಾರವ್ವಾ ಒಳಗೆ, ಬಂದರಿನ ಹಡಗು ಅಳ್ತಿರೋದು?"
ಮೂವತ್ತಾರು ಕೋಟು ಕೊಟ್ಟೆ.

ಅವನು ಬಂದು ಉಳಿದ ಕೋಟುಗಳ ನಡುವೆ ಅಡಗಿ ಕೂತ.
ಸಮಾಧಾನ ಹೇಳಲಿಲ್ಲ ನಾನು. ಕಾಫಿ ಕೊಟ್ಟೆ, ಆರಿದ್ದು.
ಅಷ್ಟರಲ್ಲಿ ಲೆಮ್ಯುಯೆಲ್ ಬೇರೇನೋ ಹಾಕಿದ,
ಗೋಡೆಗೆ ಜೀವ ಬಂತು.
ಈಗಷ್ಟೇ ಬರಿದಾದ ಮೂವತ್ತಾರು ತಂತಿ ಹ್ಯಾಂಗರು
ಸರಳಿನ ಮೇಲೆ ಹಲ್ಲು ಕಟಕಟಿಸಿದವು,
ಪ್ರತಿ ಗುದ್ದಿಗೂ ಒಂದು ಚೂರು ತಡವಾಗಿ.
ಅವನು ತಲೆ ಎತ್ತಿದ.
"ದಿನಾ ಹೀಗೇನಾ?"
"ದಿನಾ. ತಲೆನೋವು."

ಮಾರನೇ ರಾತ್ರಿ ಟೇಪ್ ರೆಕಾರ್ಡರು ಹೊತ್ತು ಬಂದು
ನನ್ನ ಸ್ಟೂಲಿನಡಿ ಇಟ್ಟು, ಉಸಿರಾಡಬೇಡಿ ಅಂದ.
ಉಸಿರಾಡಿದೆ.
ಕೆಮ್ಮಿದೆ ಕೂಡ.

ಆಗಸ್ಟಿನಲ್ಲಿ ಕೋಟಿಲ್ಲ, ನನಗೆ ಕೆಲಸವಿಲ್ಲ.
ಒಂದು ರಾತ್ರಿ ಲೆಮ್ಯುಯೆಲ್ ಕೈಹಿಡಿದು ಗೋಡೆಯಾಚೆ ಎಳೆದ.
ಬೀರುವಿನಷ್ಟೆತ್ತರದ ನಾಲ್ಕು ಪೆಟ್ಟಿಗೆಯೊಳಗಿಂದ
ನನ್ನ ಹ್ಯಾಂಗರುಗಳು!
ಅವುಗಳ ಅಡಿಯಲ್ಲಿ ಅದೇ ಅಳುವ ಹಡಗು,
ಈಗ ಜಗ್ಗಿ ಜಗ್ಗಿ ನಡೆಯುತ್ತ.
ಎಂಟೆಂಟು ಎಣಿಕೆಗೊಮ್ಮೆ ನನ್ನ ಕೆಮ್ಮು.
ಕೆಮ್ಮಿದಾಗಲೆಲ್ಲ ಇನ್ನೂರು ಜನ
ಕೈ ಮೇಲೆತ್ತಿ ನೆಲ ಒದ್ದರು.
ನಾಚಿಕೆಯಾಯ್ತು. ಇನ್ನೊಂದು ಸಲ ಬರಲಿ ಅನ್ನಿಸಿತು.
ಹಾಲ್ವರ್ ಕುಣಿಯುತ್ತಿದ್ದ, ಬಹಳ ಕೆಟ್ಟದಾಗಿ,
ಅಂಗಿ ಬೆನ್ನಿಗಂಟಿಕೊಂಡು.

ಐನೂರು ರೆಕಾರ್ಡು ಒತ್ತಿಸಿದ. ಮುನ್ನೂರು
ಅವನ ಮಂಚದಡಿಯೇ ಉಳಿದವು.
ಗ್ಯಾಲರಿಯವರು ಮಾತು ಬಿಟ್ಟರು,
ಅವನೂ ಅದನ್ನು ಗಮನಿಸಿದಂತಿರಲಿಲ್ಲ.

ಎಂಬತ್ತಮೂರರ ಚಳಿಗಾಲ
ಕೋಟುಗಳು ಕಮ್ಮಿಯಾದವು.
ಮೊದಲು ಹೆಣಕ್ಕೆ ಬಣ್ಣ ಹಚ್ಚುವವನದು,
ಆಮೇಲೆ ಅಂಚೆಯವರು ಮೂವರದು. ಆಮೇಲೆ ಎಣಿಸಲಿಲ್ಲ.
ಕೋಟು ಹೊತ್ತ ಹ್ಯಾಂಗರು ಸದ್ದು ಮಾಡದು.
ಆ ವರ್ಷ ನನ್ನ ಕೋಣೆಯಲ್ಲಿ ಮಾತೇ ಕೇಳಿಸುತ್ತಿರಲಿಲ್ಲ.

ಹಾಲ್ವರ್ ಬಂದ, ಟೇಪ್ ರೆಕಾರ್ಡರು ಹೆಗಲಲ್ಲಿ.
ಇದು ಬೇಡ, ಅಂದೆ.
ಅವನು ಅದನ್ನು ಬಾಗಿಲಾಚೆ ಇಟ್ಟು,
ಸ್ಟೂಲಿನ ಪಕ್ಕ ನೆಲದ ಮೇಲೆ ಕೂತ,
ಕೋಟು ಬಿಚ್ಚದೆ.