ಐನೂರ ತೊಂಬತ್ತೇಳು

ಬೇಜಾದಲ್ಲಿ ಎರಡು ದಿನ ತರಬೇತಿ ಕೊಟ್ಟರು.
ಮೂವತ್ತು ದಾಟದ ಹುಡುಗ ಪರದೆಗೆ ಬೊಟ್ಟಿಟ್ಟು
ಇದು ಹೀಗೆ, ಅದು ಹಾಗೆ ಎಂದ.
ಮಧ್ಯಾಹ್ನ ಸೂಪು. ಕೊನೆಗೊಂದು ಪ್ರಮಾಣಪತ್ರ,
ಅದರಲ್ಲಿ ನಾನು ದಿಯೊಲಿಂದಾ ಅಲ್ಲ, ದಿಯೊನಿಲ್ದಾ.

ಮೆರ್ತೊಲಕ್ಕೆ ಮರಳಿದವಳು
ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದ ಹಾಗೆ
ಚಳಿಗಾಲ ಪೂರ್ತಿ ಒಗೆದೆ, ಒಗೆದೆ.
ಹನ್ನೊಂದು ಸಾವಿರ ಚೀಟಿ
ಮರದ ಖಾನೆ ಬಿಟ್ಟು ಗಾಜಿನೊಳಗೆ ಹೋದವು.
ಬರಿದಾದ ಖಾನೆಗಳಲ್ಲೀಗ ಕೊತ್ತಂಬರಿ, ಬಟಾಣಿ ಬೀಜ;
ಊರವರು ತಂದಿಟ್ಟು ಒಯ್ಯುತ್ತಾರೆ,
ದಂಡವಿಲ್ಲ, ಗಡುವಿಲ್ಲ.

ಒಂದು ಸಾಧನ ನಾನು ಕಲಿತ ವಾರವೇ ಕಣ್ಣು ಮುಚ್ಚಿತು:
'ಜೊತೆಗೂಡಿ ಪಯಣಿಸಿದ್ದಕ್ಕೆ ಧನ್ಯವಾದ.'
ಯಾವ ಪಯಣ? ನಾನಿನ್ನೂ
ಚಪ್ಪಲಿ ಹುಡುಕುತ್ತಿದ್ದೆ.

ಇನ್ನೊಂದರಲ್ಲಿ, ಪುಸ್ತಕಕ್ಕೆ ಓದುಗರೇ ಟ್ಯಾಗು ಹಚ್ಚಬಹುದು.
ಕುರಿ ಕಾಯುವ ಝೆಫೆರಿನು ಟೋಪಿ ತೆಗೆದಿಟ್ಟು
ಒಂದೇ ಬೆರಳಲ್ಲಿ, ಅರ್ಧ ಗಂಟೆ, ಕುಟ್ಟಿದ:
'ಕೊನೆಯಲ್ಲಿ ನಾಯಿ ಸಾಯುವುದಿಲ್ಲ.'
ಔಷಧದಂಗಡಿಯ ಎರ್ಮೆಲಿಂದಾ: 'ನಿದ್ದೆ ಬಾರದವರಿಗೆ,
ಊಟದ ನಂತರ.'
ಹೆಸರು ಹೇಳದ ಯಾರೋ, ಕಾನೂನಿನ ದಪ್ಪ ಸಂಪುಟಕ್ಕೆ:
'ಪುಟ ಇನ್ನೂರ ಹನ್ನೆರಡು. ಅಷ್ಟೇ ಸಾಕು.'
ತೆಗೆದು ನೋಡಿದೆ. ವಿಚ್ಛೇದನ.
ಹಾಳೆಯ ಅಂಚು ಬೆವರಿಗೆ ಮೆತ್ತಗಾಗಿತ್ತು.
ಮೂವತ್ತು ವರ್ಷ ದಶಮಾಂಶ ಎಣಿಸಿದವಳಿಗೆ
ಈ ವರ್ಗೀಕರಣ ಯಾರೂ ಕಲಿಸಿರಲಿಲ್ಲ.

ಪರದೆಯ ಬಲ ಮೂಲೆಯಲ್ಲೊಂದು ಪುಟ್ಟ ಕಿಟಕಿ:
'ಗ್ರಂಥಪಾಲಕಿಯನ್ನು ಕೇಳಿ.'
ಒಂಬತ್ತು ದಿನ ಯಾರೂ ಕೇಳಲಿಲ್ಲ.
ಹತ್ತನೆಯ ರಾತ್ರಿ ಮನೆಯಿಂದ ನಾನೇ ಕೇಳಿದೆ,
ಯಾರಾದರೂ ಇದ್ದೀರಾ?
ಬೆಳಿಗ್ಗೆ ಬಂದು, ಕೋಟು ಬಿಚ್ಚಿ, ನಾನೇ ಬರೆದೆ,
ಇದ್ದೇನೆ. ತಡವಾಯಿತು, ಕ್ಷಮಿಸಿ.

ಗುರುವಾರ. ಮುಚ್ಚಲು ಇಪ್ಪತ್ತು ನಿಮಿಷ.
ಕೆಳಗೆ ಗ್ವಾದಿಯಾನಾ ಕೆಸರು ಹೊತ್ತು ಹರಿಯುತ್ತಿತ್ತು.
ಟಣ್ ಎಂದಿತು ಯಂತ್ರ.
'ಹಾವುಮೀನಿಗೆ ಸಮುದ್ರದ ದಾರಿ ಯಾರು ಹೇಳಿಕೊಡುತ್ತಾರೆ?'

ಒಂದಕ್ಷರವೂ ಎಡವದ ವಾಕ್ಯ.
ಕೋಣೆಯಲ್ಲಿ ಇದ್ದವನೋ ಒಬ್ಬನೇ,
ದೋಣಿಯ ಅಬಿಲಿಯುವಿನ ಮೊಮ್ಮಗ ಟೆಲ್ಮು.
ಎರಡು ವರ್ಷದಿಂದ ತಪ್ಪದೆ ಬರುತ್ತಾನೆ.
ನನ್ನ ಮೇಜಿನೆದುರು ನಿಂತರೆ ಮೊದಲಕ್ಷರವೇ
ಗಂಟಲ ಮುಳ್ಳಾಗಿ, ಕಿವಿ ಕೆಂಪೇರಿ,
ಕೈಗೆ ಸಿಕ್ಕಿದ್ದನ್ನು ಮುಂದೆ ಚಾಚುತ್ತಾನೆ:
ಇದು, ಇದೇ ಬೇಕಿತ್ತು ಎಂಬಂತೆ.
ಹೀಗೆ ಅವನು ಓದಿರುವುದು ಜೇನು ಸಾಕಣೆ,
ನಗರಸಭೆಯ ಒಳಚರಂಡಿ ವರದಿ,
ಬೋಳುತಲೆಗೆ ಮನೆಮದ್ದು, ಎರಡು ಸಲ.
ನಾನು ಪ್ರತಿ ಸಲವೂ ಮುದ್ರೆ ಒತ್ತಿ ಕೊಟ್ಟಿದ್ದೇನೆ,
ಹುಡುಗನ ಆಸಕ್ತಿ ವಿಚಿತ್ರ ಅಂದುಕೊಂಡು.

ತಲೆ ಎತ್ತಲಿಲ್ಲ.
ನಾಲ್ಕು ಮಾರು ಆಚೆ ಕೂತವನಿಗೆ
ಲಿಸ್ಬನ್ನಿನ ಯಾವ ಯಂತ್ರವನ್ನೋ ಬಳಸಿ ಬರುವ
ದೂರದ ದಾರಿಯಲ್ಲೇ ಉತ್ತರ ಕಳಿಸಿದೆ:
'ಖಚಿತವಾಗಿ ಯಾರಿಗೂ ಗೊತ್ತಿಲ್ಲ.
ಗೊತ್ತಿರುವಷ್ಟು ಐನೂರ ತೊಂಬತ್ತೇಳರಲ್ಲಿದೆ.
ಕಿಟಕಿಯ ಪಕ್ಕ, ಕೆಳಸಾಲು.'

ಕುರ್ಚಿ ಕಿರ್ರೆಂದಿತು. ಹೆಜ್ಜೆ.
ಒಂದನ್ನು ಎಳೆದಾಗ ಪಕ್ಕದ್ದು
ವಾಲಿಕೊಂಡ ಸದ್ದು.

ಮೇಜಿಗೆ ತಂದ. ನಾನು ಮಾತಾಡಲಿಲ್ಲ, ಅವನೂ.
ಮುದ್ರೆ ಇನ್ನೂ ರಬ್ಬರಿನದೇ; ಒತ್ತಿದೆ.
ಬಾಗಿಲು ಹಾಕಿಕೊಂಡಿತು.

ದೀಪ ಆರಿಸಲು ಎದ್ದಿದ್ದೆ, ಮತ್ತೆ ಟಣ್.
ಮೆಟ್ಟಿಲ ಮೇಲೆ ನಿಂತೇ ಬರೆದಿರಬೇಕು:
'ಬೋಳುತಲೆಯದನ್ನು ನಾಳೆ ತಂದು ಕೊಡುತ್ತೇನೆ.
ಅದು ನನಗೆ ಯಾವತ್ತೂ ಬೇಕಿರಲಿಲ್ಲ.'